ಅಂಗೈಯ ಸ್ಪಂಜು

ಮನೆಯಿಂದ
ಮಾರ್ಚ್ ೯, ಭಾನುವಾರ ಬೆಳಗ್ಗೆ

ನನ್ನ ಗುಬ್ಬಿಗೆ,

ಅಮ್ಮನ ನೂರು ನೆನಪುಗಳು. ನಾವಿಬ್ಬರೂ ಚೆನ್ನಾಗಿದ್ದೇವೆ. ಹೊಲಿಗೆ ಯಂತ್ರದ ಪೆಡಲಿಗೆ ಎಣ್ಣೆ ಬಿಟ್ಟ ಮೇಲೆ ಅದು ಕಿರುಗುಟ್ಟುವುದು ನಿಂತಿದೆ. ಈಗ ನಿಮ್ಮಪ್ಪನ ಮೊಣಕಾಲು ಶುರು ಮಾಡಿದೆ. ನಿನ್ನ ಪತ್ರ, ಹೊಲಿಗೆ ಬಿಟ್ಟ ಬಾಕ್ಸಿಂಗ್ ಗ್ಲೌಸಿನ ಪೊಟ್ಟಣ ಎರಡೂ ಬಂದು ಹನ್ನೊಂದು ದಿನವಾಯಿತು. ಉತ್ತರ ತಡವಾಯಿತು, ಬೈದುಕೊ. ಮೂರು ಸಲ ಬರೆಯಲು ಕೂತೆ. ಮೂರು ಸಲವೂ ಕ್ಷೇಮಸಮಾಚಾರ ಮುಗಿಯುತ್ತಿದ್ದಂತೆ ಯಾವುದೋ ಕೆಲಸ ನೆನಪಾದವಳಂತೆ ಎದ್ದುಹೋದೆ. ಇವತ್ತು ಅಂಗಡಿಯ ಬಾಗಿಲು ಹಾಕಿ, ಚರ್ಮ ಕತ್ತರಿಸುವ ಹಲಗೆಯ ಮೇಲೆ ಕಾಗದ ಹರಡಿಕೊಂಡು ಕೂತಿದ್ದೇನೆ. ಮುಗಿಸದೆ ಏಳುವುದಿಲ್ಲ.

ಮೊದಲು ಮುಖ್ಯವಾದದ್ದು. ಪೆಟ್ಟಿಗೆ ಕಟ್ಟಬೇಡ. ಕ್ಯಾಂಪಿನವರು ಕಳಿಸುವ ಮೊದಲು ನಾನೇ ಬಂದುಬಿಡುತ್ತೇನೆ ಎಂದು ಬರೆದಿದ್ದೀಯಲ್ಲ, ಬಂದರೆ ಬಾಗಿಲು ತೆಗೆಯುವವಳು ನಾನೇ ಎಂಬುದು ನೆನಪಿರಲಿ.

ನಿನ್ನ ಪತ್ರವನ್ನು ಎಷ್ಟು ಸಲ ಓದಿದ್ದೇನೆಂದರೆ ಈಗ ಕಣ್ಣು ಮುಚ್ಚಿ ಹೇಳಬಲ್ಲೆ. ಹನ್ನೆರಡು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಅಂಕಿ ತೋರಿಸುವ ಯಂತ್ರಕ್ಕೆ ಗುದ್ದಿಸಿದರು. ಕೈಯ ವೇಗದಲ್ಲಿ ನೀನು ಮೊದಲನೆಯವಳು. ಏಟಿನ ಬಲದಲ್ಲಿ ಹನ್ನೊಂದನೆಯವಳು, ಹನ್ನೆರಡನೆಯವಳಿಗೆ ಆ ದಿನ ಜ್ವರ. ಈ ತಿಂಗಳ ಇಪ್ಪತ್ತೆಂಟರ ಆಯ್ಕೆ ಪಂದ್ಯ ಮುಗಿದ ಮೇಲೆ ಕ್ಯಾಂಪಿನಲ್ಲಿ ಉಳಿಯುವವರು ಆರೇ ಜನ. ನಿಮ್ಮ ಕೋಚ್ ಮೇಡಂ ಎಲ್ಲರೆದುರು, "ನಿನ್ನ ಕೈ ಮಾತ್ರ ಬರುತ್ತೆ ಕಣೇ, ನೀನು ಬರಲ್ಲ" ಅಂದರು. ನೀನು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಲ್ಲಿ ಬಿಟ್ಟುಕೊಂಡು ಅಳುವುದನ್ನು ನನ್ನಿಂದಲೇ ಕಲಿತದ್ದು.

ಕೊನೆಯ ಪುಟವನ್ನು ಅಪ್ಪನಿಗೆ ತೋರಿಸಬೇಡ ಎಂದು ನೀನು ಬರೆದಿದ್ದೆ. ತೋರಿಸಿದೆ. ಹತ್ತು ವರ್ಷ ವೇಗ ವೇಗ ಎಂದು ಜಪ ಮಾಡಿಸಿ ಅಪ್ಪ ನನ್ನ ಕೈ ಹಾಳು ಮಾಡಿದರು, ಇನ್ನು ಅವರ ಫೋನು ಎತ್ತುವುದಿಲ್ಲ, ಕಾಗದ ಬಂದರೆ ಒಡೆಯುವುದಿಲ್ಲ ಎಂಬ ಆ ನಾಲ್ಕು ಸಾಲನ್ನು ಅವರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. "ಇರಬಹುದು" ಎಂದರು, ಅಷ್ಟೇ. ನಿಮ್ಮಪ್ಪನ ಬಾಯಲ್ಲಿ ಈ ಮಾತು ಕೇಳಿದ್ದು ಮದುವೆಯಾದ ಮೇಲೆ ಇದೇ ಮೊದಲು. ಮೂರು ದಿನ ಕ್ಲಬ್ಬಿನಲ್ಲಿ ಮಕ್ಕಳಿಗೆ ಹಗ್ಗದಾಟ ಬಿಟ್ಟು ಬೇರೇನೂ ಕಲಿಸಲಿಲ್ಲವಂತೆ. "ನಾನು ಕಲಿಸಿದ್ದೇ ತಪ್ಪಾದರೆ ಇವರಿಗೂ ಯಾಕೆ ಕಲಿಸಲಿ?" ಎನ್ನುತ್ತಿದ್ದರು. ನನಗೆ ನೋಡಲಾಗುತ್ತಿರಲಿಲ್ಲ.

ನಾಲ್ಕನೇ ದಿನ ಬೆಳಗ್ಗೆ ನೀನು ಕಳಿಸಿದ ಹಳೆಯ ಗ್ಲೌಸು ಕಂಕುಳಲ್ಲಿ ಇಟ್ಟುಕೊಂಡು, "ಬಾರೇ ಕ್ಲಬ್ಬಿಗೆ" ಎಂದರು.

"ನಾನ್ಯಾಕೆ?"

"ಇದರೊಳಗೆ ನನ್ನ ಕೈ ಹೋಗಲ್ಲ. ನಿನ್ನದು ಹೋಗುತ್ತೆ. ಅವಳ ಕೈಗೇನಾಗಿದೆ ಅಂತ ನೋಡಬೇಕು."

ಐವತ್ತೆರಡು ವರ್ಷದ ಹೆಂಗಸು, ಮೂಗಿನ ತುದಿಗೆ ಕನ್ನಡಕ, ಸೊಂಟಕ್ಕೆ ಸೆರಗು. ಇಪ್ಪತ್ತು ವರ್ಷದಿಂದ ಕ್ಲಬ್ಬಿನ ಗ್ಲೌಸುಗಳನ್ನೆಲ್ಲ ಹೊಲಿದಿದ್ದೇನೆ, ಒಂದು ದಿನವೂ ಹಾಕಿಕೊಂಡು ಗುದ್ದಿರಲಿಲ್ಲ. ಬ್ಯಾಗಿನ ಮುಂದೆ ನಿಂತಾಗ ನಗು ಬಂತು. ನಿಮ್ಮಪ್ಪ ನಗಲಿಲ್ಲ. ಕಾಲು ಎಲ್ಲಿಡಬೇಕು, ಹಿಮ್ಮಡಿ ಹೇಗೆ ತಿರುಗಬೇಕು, ಸೊಂಟ ಯಾವಾಗ ಬರಬೇಕು ಎಲ್ಲ ತೋರಿಸಿ "ಹೊಡಿ" ಎಂದರು. ಹೊಡೆದೆ. ಬ್ಯಾಗು ಕದಲಲಿಲ್ಲ.

"ನೊಣ ಓಡಿಸ್ತಿದ್ದೀಯಾ? ಇನ್ನೂ ಜೋರಾಗಿ."

ಜೋರಾಗಿ ಬೀಸಿದೆ. ಪಟ್ ಎಂದು ಸದ್ದಾಯಿತೇ ಹೊರತು ಬ್ಯಾಗಿಗೆ ಏನೂ ಅನ್ನಿಸಲಿಲ್ಲ.

"ತಗುಲೋ ಹೊತ್ತಿಗೆ ಮುಷ್ಟಿ ಬಿಗಿಬೇಕು ಕಣೇ. ಅಲ್ಲಿವರೆಗೆ ಕೈ ಸಡಿಲ ಇರಲಿ, ಸಡಿಲ ಇದ್ರೇನೇ ವೇಗ. ಆದರೆ ತಗುಲಿದ ಆ ಕ್ಷಣ ಬಿಗಿದರೇನೇ ಅದು ಏಟು. ಬಿಗೀದೆ ಹೋದರೆ ಎಷ್ಟು ವೇಗ ಬಂದ್ರೂ ಎಲ್ಲ ಮಣಿಕಟ್ಟಲ್ಲೇ ಸೋರಿ ಹೋಗುತ್ತೆ."

"ಬಿಗಿದಿದ್ದೀನಲ್ರೀ."

"ಇಲ್ಲ, ಬಿಗಿದಿಲ್ಲ."

"ಅಯ್ಯೋ, ಬಿಗಿದಿದ್ದೀನಿ ಅಂದ್ರೆ!"

ನಿಮ್ಮಪ್ಪ ಅಲ್ಲಿಗೇ ನಿಂತುಬಿಟ್ಟರು. ನನ್ನ ಮುಖವನ್ನೇ ನೋಡಿದರು. ಆಮೇಲೆ ಮೊಳೆಯಿಂದ ಕ್ಲಬ್ಬಿನ ಒಂದು ಹರಕಲು ಗ್ಲೌಸು ತೆಗೆದು ನನ್ನ ಕೈಗೆ ಹಾಕಿ, ಲೇಸು ಬಿಗಿದು, ಇನ್ನೊಂದು ಸಲ ಹೊಡೆಸಿದರು. ದಡ್ ಎಂದಿತು. ಬ್ಯಾಗು ಹಿಂದಕ್ಕೆ ಸರಿದು ಸರಪಳಿ ಕಿರುಗುಟ್ಟಿತು. ನನ್ನ ಭುಜದವರೆಗೂ ಅದರ ಅದುರು ಬಂತು. ಮತ್ತೆ ನಿನ್ನ ಗ್ಲೌಸು. ಪಟ್. ಮತ್ತೆ ಹರಕಲು. ದಡ್. ಐದಾರು ಸಲ ಹೀಗೇ ಬದಲಾಯಿಸಿದರು. ಆಮೇಲೆ ನಿನ್ನ ಗ್ಲೌಸಿನ ಅಂಗೈಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿ, "ಬಿಚ್ಚು ಇದನ್ನ" ಎಂದರು.

ನನ್ನ ಕೈಯಿಂದಲೇ ಬಿಚ್ಚಿಸಿದರು. ಬೆರಳು ಮಡಿಸುವ ಜಾಗದಲ್ಲಿ ಮೂರು ಪದರ ಸ್ಪಂಜು. ಇರಬೇಕಾದದ್ದು ಒಂದು.

ಗುಬ್ಬಿ, ಆ ಎರಡು ಪದರ ಇಟ್ಟವಳು ನಾನು. ಹದಿನಾಲ್ಕನೇ ವಯಸ್ಸಿಗೆ ನಿನ್ನ ಬಲಗೈ ಮೂಳೆ ಮುರಿದಿತ್ತಲ್ಲ, ಆಮೇಲೆ ಇಟ್ಟದ್ದು. ಕೈ ಮತ್ತೆ ಮುರಿಯಬಾರದೆಂದು ಇಟ್ಟೆ ಎಂದು ನಿಮ್ಮಪ್ಪನಿಗೆ ಹೇಳಿದೆ. ಆಮೇಲೆ ನಿನಗಾಗಿ ಹೊಲಿದ ನಾಲ್ಕು ಜೊತೆಯಲ್ಲೂ ಹಾಗೇ ಇಟ್ಟೆ. ಅಷ್ಟು ಸ್ಪಂಜು ಹಿಡಿದ ಬೆರಳು ಪೂರ್ತಿ ಮಡಿಯುವುದೇ ಇಲ್ಲ. ದಬ್ಬಣವನ್ನು ಸಡಿಲ ಬೆರಳಲ್ಲಿ ಹಿಡಿದು ಎಷ್ಟು ಬೇಗ ಚುಚ್ಚಿದರೂ ಚರ್ಮದ ಮೇಲೆ ಜಾರುತ್ತದೆ, ಒಳಗಿಳಿಯುವುದಿಲ್ಲ. ದಿನಕ್ಕೆ ನೂರು ಸಲ ದಬ್ಬಣ ಹಿಡಿಯುವ ನನಗೆ ಇಷ್ಟು ಗೊತ್ತಿರಬೇಕಿತ್ತು.

ನಿಮ್ಮಪ್ಪ ರಿಂಗಿನ ಅಂಚಿನಲ್ಲಿ ಕೂತರು. "ಐದು ವರ್ಷ ಮುಷ್ಟಿ ಬಿಗಿ ಬಿಗಿ ಅಂತ ಅವಳ ಮೇಲೆ ಕೂಗಿದೆ. ಬಿಗಿದಿದ್ದೀನಿ ಅಪ್ಪಾ ಅಂತ ಅಳೋಳು. ಸುಳ್ಳು ಹೇಳ್ತೀಯಾ ಅಂತ ಮೈದಾನ ಹತ್ತು ಸುತ್ತು ಓಡಿಸ್ತಿದ್ದೆ" ಎಂದರು. ಬಿಚ್ಚಿದ ಸ್ಪಂಜನ್ನು ಮುಷ್ಟಿಯಲ್ಲಿ ಹಿಂಡುತ್ತಾ, "ಅವಳು ಒಂದು ಸಲವೂ ಸುಳ್ಳು ಹೇಳಿರಲಿಲ್ಲ" ಎಂದರು. ನನಗೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮನೆಗೆ ಬರುವ ದಾರಿಯಲ್ಲಿ, "ನೀನೇ ಬರಿ. ನಾನು ಬರೆದರೆ ಅವಳು ಒಡೆಯಲ್ಲ" ಎಂದು ಮಾತ್ರ ಹೇಳಿದರು.

ಹಾಗಾಗಿ ಸಿಟ್ಟಿದ್ದರೆ ಅದರ ವಿಳಾಸ ಬದಲಾಯಿಸು. ಅಪ್ಪ ಕಲಿಸಿದ್ದು ಸರಿಯಾಗಿಯೇ ಇತ್ತು, ಕಲಿತ ನೀನೂ ಸರಿಯಾಗಿಯೇ ಕಲಿತಿದ್ದೆ. ನಡುವೆ ನನ್ನ ಸ್ಪಂಜು ಕೂತಿತ್ತು.

ಕ್ಯಾಂಪಿನ ಗ್ಲೌಸಿನಲ್ಲೂ ಹನ್ನೊಂದನೆಯವಳೇ ಆದೆನಲ್ಲ ಎಂದು ಈಗ ಕೇಳುತ್ತೀಯ, ನಿನ್ನ ವಾದ ಮಾಡುವ ಬುದ್ಧಿ ನನಗೆ ಗೊತ್ತು. ಐದು ವರ್ಷ ಅರ್ಧಕ್ಕೇ ನಿಂತ ಬೆರಳು, ಹೊಸ ಗ್ಲೌಸು ಸಿಕ್ಕ ತಕ್ಷಣ ಪೂರ್ತಿ ಮಡಿಯುತ್ತದೆಯೇ? ಈಗಲೇ ಈ ಕಾಗದ ಕೆಳಗಿಡು. ಗೋಡೆಯ ಕಡೆಗೆ ಬೀಸಿ, ತಗುಲುವ ಮೊದಲು ನಿಲ್ಲಿಸಿ, ನಿನ್ನ ಮುಷ್ಟಿ ನೋಡಿಕೊ. ಬೆರಳ ತುದಿಗೂ ಅಂಗೈಗೂ ನಡುವೆ ಪೆನ್ಸಿಲು ತೂರುವಷ್ಟು ಜಾಗವಿದೆಯೋ ಇಲ್ಲವೋ? ಇದೆ ಎಂದು ನಿಮ್ಮಪ್ಪ ಪಣ ಕಟ್ಟಿ ಹೇಳುತ್ತಿದ್ದಾರೆ.

ಇದ್ದರೆ ಒಳ್ಳೆಯದೇ ಆಯಿತು. ರೋಗ ಸಿಕ್ಕಿತು. ಈ ಕಾಗದ ನಿನ್ನ ಕೈ ಸೇರುವಾಗ ಹದಿನಾರು ದಿನ ಉಳಿದಿರುತ್ತದೆ. ಅಪ್ಪ ಹೇಳಿ ಬರೆಸಿದ್ದನ್ನು ಹಾಗೇ ಬರೆಯುತ್ತಿದ್ದೇನೆ, ನಡುವೆ ನನ್ನ ಒಗ್ಗರಣೆ ಇಲ್ಲ. ಮೊದಲ ವಾರ ವೇಗವನ್ನು ಪೂರ್ತಿ ಮರೆತುಬಿಡು. ಬೆಳಗ್ಗೆ ನೂರು, ಸಂಜೆ ನೂರು ಗುದ್ದು, ಆಮೆಯ ಹಾಗೆ. ಕರವಸ್ತ್ರವನ್ನು ಮಡಿಸಿ ಅಂಗೈಯಲ್ಲಿಟ್ಟುಕೊ, ಕೈ ಪೂರ್ತಿ ಚಾಚಿದಾಗ ಅದನ್ನು ಹಿಂಡು, ವಾಪಸ್ಸು ತರುವಾಗ ಬಿಡು. ಹಿಂಡುವುದು, ಹಿಂದಿನ ಹಿಮ್ಮಡಿ ತಿರುಗುವುದು ಒಂದೇ ಹೊತ್ತಿಗೆ ಆಗಬೇಕು. ಅದು ಕೂಡಿ ಬಂದ ಮೇಲೆ ಎರಡನೇ ವಾರ ಸ್ವಲ್ಪ ಸ್ವಲ್ಪವೇ ವೇಗ ಬಿಡು. ಉಳಿದವರು ಬಲ ಇಟ್ಟುಕೊಂಡು ವೇಗಕ್ಕೆ ಒದ್ದಾಡುತ್ತಿದ್ದಾರೆ, ನಿನಗೆ ವೇಗ ಆಗಲೇ ಇದೆ, ಅದು ಕಲಿಸಿದರೆ ಬರುವಂಥದ್ದಲ್ಲ ಎಂದರು. ಕೊನೆಗೆ, ಕೋಚ್ ಮೇಡಂಗೆ ಸ್ಪಂಜಿನ ವಿಷಯ ಮುಚ್ಚುಮರೆಯಿಲ್ಲದೆ ಹೇಳು ಎಂದರು. ಅಮ್ಮನ ಮಾನ ಹೋಗುತ್ತದೆ ಎಂದು ಮುಚ್ಚಿಡಬೇಡ. ಹೋಗಲಿ.

ಕ್ಲಬ್ಬಿನ ಇಪ್ಪತ್ತಮೂರು ಜೊತೆ ಗ್ಲೌಸುಗಳ ಅಂಗೈಯನ್ನೂ ಈ ವಾರ ಬಿಚ್ಚಿ ನೋಡಿದೆ, ನಿಮ್ಮಪ್ಪ ಪಕ್ಕದಲ್ಲೇ ನಿಂತಿದ್ದರು. ಬೇರೆ ಯಾರದ್ದರಲ್ಲೂ ತಪ್ಪಿಲ್ಲ. ಮತ್ತೆ ಹೊಲಿದು ಹೊಲಿದು ತೋರುಬೆರಳು ಊದಿಕೊಂಡಿದೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ಇನ್ನೊಂದು ವಿಷಯ, ನಗಬೇಡ. ಮೊನ್ನೆಯಿಂದ ನಾನೂ ಬೆಳಗ್ಗೆ ನೂರು ಗುದ್ದು ಹಾಕುತ್ತಿದ್ದೇನೆ. ಅಂಗಡಿಯ ಹಿಂದೆ ಗೋಣಿಚೀಲಕ್ಕೆ ಚರ್ಮದ ಚೂರು ತುಂಬಿ ನೇತುಹಾಕಿಕೊಂಡಿದ್ದೇನೆ. ನಿಮ್ಮಪ್ಪ ಲೆಕ್ಕ ಹೇಳುತ್ತಾ ಅರವತ್ತು ದಾಟಿದ ಕೂಡಲೇ ತಪ್ಪಿಸುತ್ತಾರೆ, ನಾನು ಸುಸ್ತಾಗಿ ನಿಲ್ಲಲಿ ಎಂದು. ನಿಲ್ಲುವುದಿಲ್ಲ. ಮಗಳಿಗೆ ಮಾಡು ಎಂದು ಹೇಳಿ ಅಮ್ಮ ಕೈಕಟ್ಟಿ ಕೂರಬಾರದು. ನಿನ್ನೆ ಎಂಬತ್ತನೆಯ ಗುದ್ದಿಗೆ ಚೀಲ ಸರಿಯಾಗಿ ಹಿಂದಕ್ಕೆ ಹೋಯಿತು. ಪಕ್ಕದ ಬೀಗದಂಗಡಿಯವನು ಇಣುಕಿ, "ಯಾರ ಮೇಲಕ್ಕಾ ಇಷ್ಟು ಕೋಪ?" ಎಂದು ಕೇಳಿದ. ಎಂಬತ್ತೊಂದನೆಯದನ್ನು ಹಾಕಿದೆ.

ಹೊಸ ಗ್ಲೌಸು ಇದರ ಜೊತೆ ಬರುತ್ತಿದೆ. ನಿನ್ನ ಕೈಯ ಹಳೆಯ ಅಳತೆಗೇ ಕತ್ತರಿಸಿದ್ದೇನೆ, ತೂಕ ಸರಿಯಾಗಿದೆ, ನಿಮ್ಮಪ್ಪ ತಕ್ಕಡಿಗೆ ಹಾಕಿ ನೋಡಿದರು. ಅವರಿಗೆ ಎರಡು ಸಾಲು ಬರಿ. ಕ್ಷಮೆ ಕೇಳಬೇಕಾಗಿಲ್ಲ, ಗುದ್ದು ಹೇಗೆ ಬೀಳುತ್ತಿದೆ ಎಂದು ಬರೆದರೆ ಸಾಕು, ಇನ್ನೂ ಮಕ್ಕಳಿಗೆ ಅರೆಮನಸ್ಸಿನಿಂದ ಹಗ್ಗದಾಟವನ್ನೇ ಆಡಿಸುತ್ತಿರುವ ಆ ಮನುಷ್ಯ ಪಾಠಕ್ಕೆ ಬರುತ್ತಾರೆ.

ಹೊಟ್ಟೆ ತುಂಬ ಊಟ ಮಾಡು. ಕೈಗೆ ಪಟ್ಟಿ ಸುತ್ತುವಾಗ ಅವಸರ ಮಾಡಬೇಡ. ನಿನ್ನ ಕೈಗೆ ನಿನ್ನ ಮೈಯ ಪೂರ್ತಿ ಭಾರ ಬರಲಿ, ಎದುರಿಗೆ ನಿಂತವಳಿಗೂ ಕ್ಷೇಮವಿರಲಿ, ಇಪ್ಪತ್ತೆಂಟರಂದು ನಿನಗೆ ಸಲ್ಲಬೇಕಾದದ್ದು ನಿನಗೇ ಸಲ್ಲಲಿ. ಇದು ನಿನ್ನಮ್ಮನ ಆಶೀರ್ವಾದ, ಅಪ್ಪನದೂ ಇದರೊಳಗೇ ಇದೆ.

ಇಂತು,
ನಿನ್ನ ಅಮ್ಮ

ತಾ.ಕ.: ಸಹಿ ಹಾಕಿದ ಮೇಲೆ ಕಾಗದ ಮಡಿಸಲು ಕೈ ಬರುತ್ತಿಲ್ಲ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಕೈ ಮುರಿಯಬಾರದೆಂದು ಸ್ಪಂಜು ಇಟ್ಟೆ ಎಂದು ನಿಮ್ಮಪ್ಪನಿಗೆ ಹೇಳಿದೆನಲ್ಲ, ಅದು. ನಿನ್ನ ಮೂಳೆ ಆಗಲೇ ಕೂಡಿತ್ತು, ಇನ್ನು ಭಯವಿಲ್ಲ ಎಂದು ಡಾಕ್ಟರು ನನ್ನೆದುರಿಗೇ ಹೇಳಿದ್ದರು. ಅದಾಗಿ ಎರಡು ತಿಂಗಳಿಗೆ ನೀನು ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಗೆಳತಿಯೊಡನೆ ಕೂತು, "ಒಂದು ಸಲ ಗೆದ್ದು ಕ್ಯಾಂಪಿಗೆ ಹೋದೆ ಅಂದ್ರೆ ಈ ಕಡೆ ತಲೆ ಹಾಕಿ ಮಲಗಲ್ಲ. ಅಮ್ಮನ ಥರ ಚರ್ಮ ಹೊಲೀತಾ ಸಾಯೋಕೆ ನನ್ನಿಂದಾಗಲ್ಲ" ಎಂದೆ. ನಾನು ಒಳಗೆ ಯಂತ್ರದ ಮುಂದಿದ್ದೆ. ಗೆಲ್ಲದಿದ್ದರೆ ಹೋಗುವುದಿಲ್ಲವಲ್ಲ ಎನ್ನಿಸಿತು. ಸ್ಪಂಜು ಇಟ್ಟದ್ದು ಆ ಸಂಜೆ. ಹದಿನೇಳರಲ್ಲಿ ನೀನು ಫೈನಲ್ ಸೋತು ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತೆಯಲ್ಲ, ಬೆನ್ನು ಸವರುತ್ತಾ "ಹೋಗ್ಲಿ ಬಿಡು ಮಗಳೇ, ಮನೆ ಇದೆಯಲ್ಲ" ಎಂದೆ. ಆಗ ನನಗೆ ಸಂತೋಷವಾಗಿತ್ತು. ಕಾಗದ ಅಂಚೆಗೆ ಹಾಕಿ ಬಂದು ನಿಮ್ಮಪ್ಪನಿಗೂ ಇದನ್ನು ಹೇಳುತ್ತೇನೆ, ಮೊದಲು ನಿನಗೆ ಹೇಳಬೇಕಿತ್ತು.

ಹೊಸ ಗ್ಲೌಸಿನ ಅಂಗೈ ಕಡೆ ನಾಲ್ಕು ಬೆರಳಗಲ ಹೊಲಿಯದೆ ಬಿಟ್ಟಿದ್ದೇನೆ. ಒಳಗೆ ಬೆರಳು ಹಾಕಿ ನೋಡಿಕೊ, ಒಂದೇ ಪದರ ಇದೆ. ನೋಡಿದ ಮೇಲೆ ನೀನೇ ಹೊಲಿದುಕೊ, ದಬ್ಬಣ ಮತ್ತು ಮೇಣ ಹಚ್ಚಿದ ದಾರ ಜೊತೆಗಿಟ್ಟಿದ್ದೇನೆ. ಹೊಲಿಯುವುದೆಂದರೆ ನಿನಗಾಗದು, ಗೊತ್ತು. ಆದರೂ ಇದೊಂದನ್ನು ಬೇರೆ ಯಾರ ಕೈಗೂ ಕೊಡಬೇಡ, ನನ್ನ ಕೈಗೂ.