ಮೇಲಿನ ಗೆರೆ ನಿನ್ನದು

ಕೂಡ್ಲಿಗಿ
೨೪ ನವೆಂಬರ್ ೨೦೦೪

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ವಾಸ್ಕೋದ ಸಮುದ್ರದ ಗಾಳಿಗೆ ಮಂಡಿನೋವು ಹೆಚ್ಚಾಗಿಲ್ಲ ತಾನೆ? ಅವ್ವ ಕಳಿಸಿದ್ದ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಶೀಶೆ ಇನ್ನೂ ಪೆಟ್ಟಿಗೆಯೊಳಗೇ ಇದೆಯೋ? ನಮ್ಮ ಕಡೆಯ ಅದಿರಿನ ಲಾರಿಗಳೇ ತೂಕಕ್ಕೆ ನಿನ್ನ ವೇಬ್ರಿಡ್ಜಿನ ಮೇಲೆ ಬಂದು ನಿಲ್ಲುತ್ತವೆ ಅಂತ ಹೋದ ಪತ್ರದಲ್ಲಿ ನೀನು ಬರೆದಿದ್ದೆ. ನಮ್ಮೂರ ಮಣ್ಣೇ ನಿನ್ನನ್ನು ಹುಡುಕಿಕೊಂಡು ಬರುತ್ತಿದೆ, ನೀನು ಮಾತ್ರ ಆರು ವರ್ಷದಿಂದ ಈ ಕಡೆ ತಲೆ ಹಾಕಿಲ್ಲ. ಇರಲಿ, ಇವತ್ತು ಜಗಳಕ್ಕೆ ಕೂತಿಲ್ಲ. ಇಲ್ಲಿ ಎಲ್ಲರೂ ಆರಾಮ. ಅಪ್ಪನಿಗೆ ಬಿ.ಪಿ. ಮಾತ್ರೆ ಒಂದು ಕಡಿಮೆ ಮಾಡಿದ್ದಾರೆ. ಬಸ್ ಸ್ಟ್ಯಾಂಡಿನಲ್ಲಿ ನನ್ನ ಎಸ್.ಟಿ.ಡಿ. ಬೂತ್ ಹೇಗೋ ನಡೆಯುತ್ತಿದೆ. ಎಲ್ಲರ ಜೇಬಿಗೂ ಮೊಬೈಲ್ ಬರುತ್ತಿರುವುದರಿಂದ ಈಗ ಜೆರಾಕ್ಸ್ ಮಷೀನೇ ಅನ್ನ ಹಾಕುತ್ತಿದೆ.

ಈಗ ಸುದ್ದಿ. ಅಪ್ಪನ ಎಂ.ಜಿ. ಕಾರಿನದು. ಪತ್ರ ಮಡಚಿಡಬೇಡ, ಪೂರ್ತಿ ಓದು. ಗಣಿಯ ಮ್ಯಾನೇಜರ್ ಸಾಹೇಬ ಊರು ಬಿಡುವಾಗ ಅಪ್ಪನಿಗೆ ಕೊಟ್ಟುಹೋದ ಆ ಎರಡು ಸೀಟಿನ ಕೆಂಪು ಕಾರನ್ನು ಈ ದಸರಾ ಮುಗಿದ ಮೇಲೆ ಮಾರಿಬಿಡುವ ಮಾತು ಬಂದಿತ್ತು. ಹಗರಿಬೊಮ್ಮನಹಳ್ಳಿಯ ಲಾರಿ ಮಾಲೀಕರೊಬ್ಬರು ಕಲ್ಯಾಣ ಮಂಟಪ ಕಟ್ಟಿಸಿದ್ದಾರೆ. ಅದರ ಬಾಗಿಲಲ್ಲಿ ಕಾರನ್ನು ನಿಲ್ಲಿಸಿ, ಮದುಮಕ್ಕಳನ್ನು ಒಳಗೆ ಕೂರಿಸಿ ಫೋಟೊ ತೆಗೆಸಬೇಕಂತೆ. ಬಂದವರು ಒಂದು ಸುತ್ತು ಓಡಿಸಿ ನೋಡಿ, "ಇಂಜಿನ್ ಸತ್ತೈತ್ರಿ ಕರಿಸಿದ್ದಪ್ಪನೋರ, ಆದ್ರ ನಮಗೇನು ಓಡ್ಸೋದೈತಿ?" ಅಂದರು. ಅಪ್ಪ ಹೌದೆಂದು ತಲೆಯಾಡಿಸಿದರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಸತ್ತಿದೆ ಅಂದ ಇಂಜಿನ್ನನ್ನು ಒಂದು ವರ್ಷ ಹಿತ್ತಲಿನ ಶೆಡ್ಡಿನಲ್ಲಿ ಬಿಚ್ಚಿ, ತೊಳೆದು, ಅಳೆದು ಕಟ್ಟಿದವನು ನೀನು. ಕಟ್ಟಿದ ಮೇಲೆ ಮೊದಲ ಸಲ ಅಪ್ಪ ಅದನ್ನು ಸಂಡೂರಿನ ಏರಿಗೆ ಒಯ್ದು, ಅರ್ಧಕ್ಕೇ ಏದುಸಿರು ಬಿಟ್ಟಿತೆಂದು ಹಿಂದಕ್ಕೆ ತಂದು, "ನಿನ್ನ ಕೈಯಾಗ ಸತ್ತೈತಿ, ಇನ್ನ ಬಾನೆಟ್ ಮುಟ್ಟಬ್ಯಾಡ" ಅಂದಿದ್ದರು. ಅವತ್ತು ಸಂಜೆಯೇ ನೀನು ಸ್ಪ್ಯಾನರ್‌ಗಳನ್ನು ಒರೆಸಿ, ಗೋಣಿಚೀಲದಲ್ಲಿ ಸುತ್ತಿಟ್ಟು ಬಸ್ ಹತ್ತಿದೆ. ಅಂದಿನಿಂದ ಯಾವ ಸ್ಪ್ಯಾನರನ್ನೂ ಮುಟ್ಟಿಲ್ಲ ಅಂತ ನೀನೇ ಬರೆದಿದ್ದೀಯ. ಆ ಕಾರು ಮದುಮಕ್ಕಳ ಫೋಟೊಕ್ಕೆ ಹೋದರೆ ನಿನ್ನ ಕೈ ಕೆಟ್ಟದ್ದು ಅನ್ನುವ ಮಾತು ಶಾಶ್ವತವಾಗಿ ನಿಂತುಬಿಡುತ್ತದೆ. ಅದಕ್ಕೆ ಅಪ್ಪನನ್ನು ಒಂದು ತಿಂಗಳು ತಡೆಯಿರಿ ಅಂತ ಬೇಡಿಕೊಂಡೆ.

ಯಾರೋ ಪ್ರಯಾಣಿಕರು ಬೂತಿನಲ್ಲಿ ಬಿಟ್ಟುಹೋದ ಮೋಟಾರು ಪತ್ರಿಕೆಯೊಂದರಲ್ಲಿ ಡೈನೋ ಅನ್ನುವ ಯಂತ್ರದ ಬಗ್ಗೆ ಓದಿದ್ದೆ. ಕಾರಿನ ಹಿಂದಿನ ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ, ಪಟ್ಟಿಯಿಂದ ಬಿಗಿದು, ನಿಂತಲ್ಲೇ ಓಡಿಸುತ್ತಾರೆ. ಇಂಜಿನ್ನಿನ ಬಲ ಎಷ್ಟೆಂದು ಕಂಪ್ಯೂಟರ್ ಗೆರೆ ಎಳೆದು ತೋರಿಸುತ್ತದೆ. ಅದನ್ನು ನೋಡಿಕೊಂಡು ಕಾರ್ಬುರೇಟರ್ ಸರಿಮಾಡುತ್ತಾರೆ. ಪತ್ರಿಕೆಯ ಆಫೀಸಿಗೇ ಫೋನ್ ಮಾಡಿ ಮೂರು ಕಡೆಯ ನಂಬರ್ ತೆಗೆದುಕೊಂಡೆ. ಕಾರಿನ ವಿಷಯದಲ್ಲಿ ನಾನೆಷ್ಟು ದಡ್ಡಿ ಅಂತ ನಿನಗೆ ಗೊತ್ತೇ ಇದೆ. ಆದರೆ ಹತ್ತು ವರ್ಷ ಗಾಜಿನ ಡಬ್ಬಿಯ ಪಕ್ಕದಲ್ಲಿ ಕೂತು ಊರವರ ಫೋನು ಕೇಳಿದವಳು ನಾನು. ಮಾತು ಕೇಳಿದರೆ ಮನುಷ್ಯ ಎಂಥವನೆಂದು ಹೇಳಬಲ್ಲೆ. ಮೊದಲನೆಯವನು ಬೆಂಗಳೂರಿನವನು. ಕಾರಿನ ಹೆಸರು ಹೇಳಿ ಮುಗಿಸುವ ಮೊದಲೇ ನೂರಕ್ಕೆ ಮೂವತ್ತು ಪವರ್ ಜಾಸ್ತಿ ಮಾಡಿಕೊಡ್ತೀವಿ ಅಂದ. ಅದು ಸ್ಟಾರ್ಟ್ ಆಗುತ್ತದೋ ಇಲ್ಲವೋ ಅಂತಲೂ ಕೇಳಲಿಲ್ಲ. ಕೆಲಸ ನಡೆಯುವಾಗ ನಾವು ನೋಡುತ್ತಾ ನಿಲ್ಲಬಹುದೇ ಅಂದರೆ, ಎ.ಸಿ. ರೂಮಿದೆ, ಕಾಫಿ ಕುಡಿಯುತ್ತಾ ಕೂತಿರಿ ಅಂದ. ಹುಡುಗಿ ತೋರಿಸದೆ ಮದುವೆ ಗೊತ್ತುಮಾಡುವವರ ಮಾತು ಹೀಗೇ ಇರುತ್ತದೆ. ಎರಡನೆಯವರು ಕೊಯಮತ್ತೂರಿನವರು, ಮರ್ಯಾದಸ್ಥರು. ನಮ್ಮ ಹುಡುಗರಿಗೆ ಕಂಪ್ಯೂಟರ್ ಇರುವ ಹೊಸ ಕಾರು ಮಾತ್ರ ಗೊತ್ತು, ನಿಮ್ಮದರ ಕಾರ್ಬುರೇಟರ್ ಕಿತ್ತು ಬೇರೆಯದು ಹಾಕಬೇಕಾಗುತ್ತದೆ ಅಂತ ಇದ್ದದ್ದನ್ನು ಇದ್ದಂತೆ ಹೇಳಿದರು. ಅವರಿಗೆ ನಾನು ಮನಸಾರೆ ಥ್ಯಾಂಕ್ಸ್ ಹೇಳಿದೆ.

ಮೂರನೆಯವರು ನೆಲಮಂಗಲದ ಹತ್ತಿರ ಶೆಡ್ಡಿಟ್ಟುಕೊಂಡಿರುವ ರಾಮಣ್ಣ. ಐ.ಟಿ.ಐ.ನಲ್ಲಿ ಮೇಷ್ಟ್ರಾಗಿದ್ದು ರಿಟೈರ್ ಆದವರು. ಫೋನಿನಲ್ಲಿ ನಾನು ಕೇಳಿದ್ದಕ್ಕಿಂತ ಅವರು ಕೇಳಿದ್ದೇ ಹೆಚ್ಚು. ರಿಪೇರಿಯಾದ ಮೇಲೆ ಎಷ್ಟು ಓಡಿದೆ, ಬಿಸಿಯಾಗುತ್ತಾ, ಎಣ್ಣೆ ತಿನ್ನುತ್ತಾ. ಕೊನೆಗೆ "ಇಂಜಿನ್ ಕಟ್ಟಿದೋರು ಯಾರಮ್ಮಾ? ಅವರನ್ನೂ ಕರ್ಕೊಂಡ್ಬನ್ನಿ" ಅಂದರು. ಅವರು ದೂರ ಇದ್ದಾರೆ ಅಂದೆ. "ಹಾಗಾದ್ರೆ ಅವರು ಬರೆದಿಟ್ಟಿರೋದೇನಾದ್ರೂ ಇದೆಯಾ?" ಅಂದರು. ಬಲ ಎಷ್ಟು ಹೆಚ್ಚಾಗುತ್ತದೆ ಅಂತ ಕೇಳಿದೆ. "ಯಂತ್ರ ಬಲ ಕೊಡಲ್ಲಮ್ಮಾ, ಇರೋದನ್ನ ತೂಗಿ ಹೇಳುತ್ತೆ ಅಷ್ಟೆ. ನಿಂತು ನೋಡೋದಿದ್ರೆ ಮಾತ್ರ ಬನ್ನಿ" ಅಂದರು. ಅಲ್ಲಿಗೆ ಹುಡುಕಾಟ ಮುಗಿಯಿತು. ನಿನ್ನ ಪೆನ್ಸಿಲಿನ ಲೆಕ್ಕವಿರುವ ಇನ್ನೂರು ಪುಟದ ನೋಟ್‌ಬುಕ್ಕನ್ನು ಟ್ರಂಕಿನಿಂದ ತೆಗೆದೆ. ಬೂತನ್ನು ಪಕ್ಕದ ಅಂಗಡಿಯ ಗೀತಮ್ಮನಿಗೆ ಒಪ್ಪಿಸಿ, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಅಪ್ಪನ ಪಕ್ಕದಲ್ಲಿ ಕೂತೆ. ಚಿತ್ರದುರ್ಗ ದಾಟುವವರೆಗೆ ಎತ್ತಿನ ಗಾಡಿಯೊಂದನ್ನು ಬಿಟ್ಟು ಎಲ್ಲವೂ ನಮ್ಮನ್ನು ಹಿಂದೆ ಹಾಕಿದವು.

ರಾಮಣ್ಣ ಬಾನೆಟ್ ಎತ್ತುವ ಮೊದಲು ಕಲ್ಲುಬೆಂಚಿನ ಮೇಲೆ ಕೂತು ನಿನ್ನ ನೋಟ್‌ಬುಕ್ ಓದಿದರು, ಅರ್ಧ ತಾಸು. ಮುಚ್ಚಿಟ್ಟು ಅಪ್ಪನ ಕಡೆ ನೋಡಿ, "ಇದನ್ನ ಬರೆದೋರು ಅವಸರದ ಮನುಷ್ಯ ಅಲ್ಲ" ಅಂದರು. ಆಮೇಲೆ ಇಂಜಿನ್ ಆಫ್ ಇರುವಾಗಲೇ ಅಪ್ಪನಿಗೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿಯಲು ಹೇಳಿ, ಟಾರ್ಚ್ ಬಿಟ್ಟು ಒಳಗೆ ಬಗ್ಗಿ ನೋಡಿದರು. ಎರಡು ಸಲ, ಮೂರು ಸಲ. ನನ್ನನ್ನು ಕರೆದು ತೋರಿಸಿದರು. ಕಾರ್ಬುರೇಟರಿನ ಪಕ್ಕ, ಆಕ್ಸಿಲರೇಟರ್ ಒತ್ತಿದಾಗ ತಿರುಗುವ ಸಣ್ಣ ಸನ್ನೆಕೋಲಿಗೆ ಅಡಿಕೆ ಗಾತ್ರದ ಒಂದು ಕರಿ ಗಂಟು ಕಟ್ಟಿತ್ತು. ಎಣ್ಣೆ, ಧೂಳು ಕುಡಿದು ಕಾರಿನದೇ ಒಂದು ಭಾಗದ ಹಾಗೆ ಗಟ್ಟಿಯಾಗಿತ್ತು. ಸನ್ನೆ ಅರ್ಧ ತಿರುಗುತ್ತಲೇ ಗಂಟು ಅಡ್ಡ ಸಿಕ್ಕಿ ನಿಲ್ಲುತ್ತಿತ್ತು. ಆರು ವರ್ಷ ಆ ಇಂಜಿನ್ ಅರ್ಧ ಬಾಯಿಯಲ್ಲೇ ಉಸಿರಾಡಿದೆ. ಅಪ್ಪ ನೋಡಿ, "ಇದು ವಿಭೂತಿ ಗಂಟು. ನಿಮ್ಮವ್ವ ಕಟ್ಟಿರಬೇಕು" ಅಂದರು. ಅವ್ವ ಆಯುಧ ಪೂಜೆಗೆ ಸ್ಟೇರಿಂಗಿಗೆ ಕಟ್ಟುವುದು ಎಲ್ಲರಿಗೂ ಗೊತ್ತಲ್ಲ.

ರಾಮಣ್ಣ ಅದನ್ನು ಕಿತ್ತು ಬಿಸಾಡಲಿಲ್ಲ. ಮೊದಲು ಅದು ಇದ್ದ ಹಾಗೆಯೇ ಒಂದು ಸಲ ತೂಗೋಣ ಅಂದರು. "ಇಲ್ಲಾಂದ್ರೆ ನಾಳೆ ನಾನೇನೋ ಜಾದೂ ಮಾಡಿದೆ ಅಂತೀರಿ. ಮನೆಯೊಳಗೆ ಮಾತು ಉಳೀಬಾರದು" ಅಂದರು. ನಮ್ಮ ಮನೆಯ ವಿಷಯ ನಾನು ಒಂದಕ್ಷರ ಹೇಳಿರಲಿಲ್ಲ. ಅಪ್ಪನ ಮುಖದಲ್ಲೇ ಓದಿಕೊಂಡಿರಬೇಕು. ಕಾರನ್ನು ಬಿಗಿದು, ಮುಂದೆ ದೊಡ್ಡ ಫ್ಯಾನ್ ಹಚ್ಚಿ ಓಡಿಸಿದಾಗ ಮೂವತ್ತೊಂಬತ್ತು ಅಶ್ವಶಕ್ತಿ ಬಂತು. ಆಮೇಲೆ ಕೈ ತೊಳೆದು ಬಂದು ಒಂದು ವೀಳ್ಯದೆಲೆ ಹಿಡಿದು, "ದೇವರದ್ದು, ನೀವೇ ಬಿಚ್ಚಿ ಇದರಲ್ಲಿಡಿ" ಅಂದರು. ನಾನೇ ಬಿಚ್ಚಿದೆ. ಗಂಟು ಬಿಗಿದುಹೋಗಿತ್ತು, ತಡವಾಯಿತು. ಮತ್ತೆ ಓಡಿಸಿದರು. ಅಣ್ಣಾ, ಆ ಸದ್ದನ್ನು ನೀನು ಕೇಳಬೇಕಾಗಿತ್ತು. ಶೆಡ್ಡಿನ ತಗಡೆಲ್ಲ ನಡುಗಿತು. ಎಪ್ಪತ್ತೊಂದು. ರಾಮಣ್ಣ ಎರಡು ಸಲ ಕಾರ್ಬುರೇಟರಿನ ಸೂಜಿಯನ್ನು ಸ್ವಲ್ಪ ಏರಿಳಿಸಿ ನೋಡಿ, ನೀನು ಇಟ್ಟಿದ್ದ ಜಾಗಕ್ಕೇ ವಾಪಸ್ ತಂದು ಬಿಟ್ಟರು. "ನನಗಿಲ್ಲಿ ಕೆಲಸ ಇಲ್ಲ" ಅಂದರು.

ಆ ಕಾಗದದ ಜೆರಾಕ್ಸ್ ಇದರೊಳಗಿದೆ. ಮೂಲದಲ್ಲಿ ಒಂದು ಗೆರೆ ನೀಲಿ, ಒಂದು ಕೆಂಪು. ನನ್ನ ಮಷೀನಿನಲ್ಲಿ ಎರಡೂ ಕಪ್ಪಾಗಿವೆ. ಕೆಳಗಿನದು ಗಂಟಿನದು, ಮೇಲಿನ ಗೆರೆ ನಿನ್ನದು. ಮೂಲ ಪ್ರತಿ ಅಪ್ಪನ ಅಂಗಿಯ ಒಳಜೇಬಿನಲ್ಲಿದೆ, ಕೇಳಿದರೂ ಕೊಡುವುದಿಲ್ಲ. ಬರುವಾಗ ಹಿರಿಯೂರಿನ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಲೋಟ ಹಿಡಿದುಕೊಂಡೇ, "ಅವನ ಕೈಯಾಗ ಏನೂ ತಪ್ಪಿರ್ಲಿಲ್ಲವ್ವ. ನಾನ ತಿಳೀದ ಅಂದ್ನಿ" ಅಂದರು. ಕಣ್ಣು ಒರೆಸಿಕೊಂಡರು, ನಾನು ಲಾರಿ ನೋಡುತ್ತಾ ಕೂತೆ. ಕಲ್ಯಾಣ ಮಂಟಪದವರಿಗೆ ಕಾರು ಕೊಡುವುದಿಲ್ಲ ಅಂತ ಮನೆಗೆ ಬಂದ ತಕ್ಷಣ ಹೇಳಿ ಕಳಿಸಿದರು. ಅವ್ವ ಎಲ್ಲ ಕೇಳಿ, ನನ್ನ ಮುಖ ನೋಡಿ, "ಅಷ್ಟೂ ಕುದುರಿ ನಾನ ಆ ಗಂಟಿನಾಗ ಕಟ್ಟಿದ್ನೇನ?" ಅಂದಳು. ಮರುದಿನ ಗ್ಯಾರೇಜಿನ ಹುಲುಗಪ್ಪನನ್ನು, ಇಷ್ಟು ವರ್ಷ ನಿನಗೆ ಕಾಣಲಿಲ್ಲವೇ ಅಂತ ತರಾಟೆಗೆ ತೆಗೆದುಕೊಂಡೆ. "ಕಂಡಿತ್ರಿ ಯಕ್ಕಾ. ದೇವರ ಗಂಟು, ಎಂಜಲ ಕೈಲೆ ಹೆಂಗ ಬಿಚ್ಚೂದು ಅಂತ ಸುತ್ತ ಒರೆಸಿ ಬಿಡ್ತಿದ್ನಿ" ಅಂದ. ಕಾರು ತೊಳೆಯುವ ದೊಡ್ಡಬೀರಪ್ಪನೂ ಅದನ್ನೇ ಹೇಳಿದ. ಇಬ್ಬರ ಮೇಲೂ ಸಿಟ್ಟು ಮಾಡಲು ಆಗಲಿಲ್ಲ.

ರಾಮಣ್ಣನವರ ಉಪಕಾರ ಈ ಜನ್ಮಕ್ಕೆ ಮರೆಯುವಂಥದ್ದಲ್ಲ. ಅಷ್ಟನ್ನೂ ಬರೆದಿಟ್ಟು ಹೋದ ನಿನ್ನ ಪೆನ್ಸಿಲಿಗೂ ನಾನು ಋಣಿ. ನಿನ್ನ ಗೋಣಿಚೀಲವನ್ನು ಅಪ್ಪ ತಾವೇ ಬಿಚ್ಚಿ ಸ್ಪ್ಯಾನರ್‌ಗಳಿಗೆ ಎಣ್ಣೆ ಹಚ್ಚಿಟ್ಟಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅವ್ವ ಅಪ್ಪನ ಆಶೀರ್ವಾದ ನಿನಗೆ ಸದಾ ಇದೆ.

ನಿನ್ನ ತಂಗಿ,
ಸುಕನ್ಯಾ

ತಾ.ಕ.: ಕವರಿಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದ್ದೇನೆ. ಆ ಗಂಟು ಅವ್ವ ಕಟ್ಟಿದ್ದಲ್ಲ. ಬಿಚ್ಚಿದಾಗ ಒಳಗಿನ ಮಡಿಕೆಯಲ್ಲಿ ಬಟ್ಟೆ ಇನ್ನೂ ಹಸಿರಾಗಿತ್ತು, ನನ್ನ ಹಸಿರು ರವಿಕೆಯ ತುಂಡು. ನೀನು ಇಂಜಿನ್ ಕಟ್ಟಿ ಮುಗಿಸಿದ ದಿನ ಕಾರ್ಬುರೇಟರ್ ಮುಟ್ಟಿ, "ಇದರ ಜೀವ ಇಲ್ಲೇ ಐತಿ ನೋಡು" ಅಂತ ತೋರಿಸಿದ್ದೆ. ನಿನಗೆ ಒಳ್ಳೆಯ ಹೆಸರು ಬರಲಿ ಅಂತ ಕೊಟ್ಟೂರಿನಿಂದ ತಂದ ವಿಭೂತಿಯನ್ನು ನಾನೇ ಯಾರಿಗೂ ಹೇಳದೆ ಅಲ್ಲೇ ಕಟ್ಟಿದೆ, ಆಮೇಲೆ ಮರೆತೇಬಿಟ್ಟೆ. ತಾನು ಕಟ್ಟಿಲ್ಲ ಅಂತ ಅವ್ವನಿಗೆ ಗೊತ್ತು, ಆದರೂ ನನ್ನ ಮುಖ ನೋಡಿ ತಾನೇ ಅಂತ ಒಪ್ಪಿಕೊಂಡಳು. ನಿನ್ನ ಆರು ವರ್ಷ ತಿಂದವಳು ನಾನು ಅಣ್ಣಾ. ಅಪ್ಪನಿಗೆ ನಾಳೆ ಬೆಳಿಗ್ಗೆ ಹೇಳುತ್ತೇನೆ, ನಿನಗೆ ಮೊದಲು ಹೇಳಿದೆ. ನೀನು ಬರುವ ದಿನ ತಿಳಿಸಿದರೆ ಅಪ್ಪ ಹೊಸಪೇಟೆ ಸ್ಟೇಷನ್ನಿಗೆ ಕಾರು ತರುತ್ತಾರೆ; ಕೀಲಿ ಅವನ ಕೈಗೇ ಕೊಡ್ತೀನಿ ಅಂದಿದ್ದಾರೆ. ಇರುವುದು ಎರಡೇ ಸೀಟು, ನಾನು ಬರುವುದಿಲ್ಲ. ಬಾಗಿಲಲ್ಲಿ ನಿಂತಿರುತ್ತೇನೆ, ಎಷ್ಟು ಬೈಯಬೇಕೋ ಅಷ್ಟು ಬೈದು ಒಳಗೆ ಬಾ.