ಜಂಗಮರ ಮನೆಯ ಏಳು ಮೀನು

ಕಾಸಾರಶಿರಸಿ
ಬುಧವಾರ, ೧೩ ಆಗಸ್ಟ್ ೨೦೨೫

ಮುದ್ದು ಮೊಮ್ಮಗಳು ಧನಶ್ರೀಗೆ ಅಜ್ಜ ಹಾಲಯ್ಯನ ತುಂಬು ಮನಸ್ಸಿನ ಆಶೀರ್ವಾದ.

ಹೇಗಿದ್ದೀ ಅವ್ವಾ? ಕೆಮ್ಮು ನಿಂತಿತೇ? ಹಾಸ್ಟೆಲಿನ ಊಟ ಸಪ್ಪಗಿದೆ ಎಂದಿದ್ದಕ್ಕೆ ನಿನ್ನ ಅಜ್ಜಿ ಖಾರ, ಬೆಳ್ಳುಳ್ಳಿ ಹಾಕಿ ಶೇಂಗಾ ಹಿಂಡಿ ಕುಟ್ಟಿದ್ದಾಳೆ. ಕಿರಾಣಿ ಅಂಗಡಿಯ ಕೈಲಾಸ ನಾಳೆ ಉದಗೀರಕ್ಕೆ ಬರುತ್ತಾನೆ, ಡಬ್ಬಿಯ ಜೊತೆಗೆ ಈ ಪತ್ರವನ್ನೂ ಕೊಡುತ್ತಾನೆ. ನನ್ನ ಕಿವಿ ನಿನಗೆ ಗೊತ್ತಲ್ಲ, ಫೋನಿನಲ್ಲಿ ನೀನೊಂದು ಕೇಳಿದರೆ ನಾನಿನ್ನೊಂದು ಹೇಳುತ್ತೇನೆ. ಮರಾಠಿ ಶಾಲೆಗೆ ಹೋದ ನಿನಗೆ ಕನ್ನಡ ಅಕ್ಷರ ತಿದ್ದಿಸಿದವನು ನಾನೇ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ, ನಿಧಾನವಾಗಿ ಓದು.

ನೀನು ಕಾಯುತ್ತಿರುವ ಸುದ್ದಿ ಮೊದಲು: ನೀನು ಬಿಟ್ಟುಹೋದ ಏಳೂ ಮೀನು ಸುಖವಾಗಿವೆ. ಬೇಸಿಗೆ ರಜೆ ಮುಗಿಸಿ ನೀನು ಹೊರಟ ದಿನ ನಿನ್ನ ಅಪ್ಪ ಸಂಗಮೇಶ್ವರ ಆಡಿದ ಮಾತು ನಾನು ಮರೆತಿಲ್ಲ. "ಜಂಗಮರ ಮನ್ಯಾಗ ಮೀನಾ! ಒಂದ್ ಸತ್ತರೂ ತೊಟ್ಟಿ ಮನಿ ಹೊರಗ" ಎಂದಿದ್ದ. ನೀನು ಮೀನುಗಾರಿಕೆ ಕಾಲೇಜಿಗೆ ಸೇರಿ ವರ್ಷದ ಮೇಲಾಯಿತು, ಅಲ್ಲಿಂದ ಇಲ್ಲಿಯವರೆಗೆ ಅವನು ನಿನ್ನ ಜೊತೆ ನೆಟ್ಟಗೆ ಮಾತಾಡಿಲ್ಲ. ಒಂದು ಮೀನು ಸತ್ತಿದ್ದರೆ ನಿನ್ನ ಓದಿನ ಮೇಲೇ ಅವನು ಗೂಬೆ ಕೂರಿಸುತ್ತಿದ್ದ. ನನಗೆ ಇದ್ದದ್ದು ಅದೊಂದೇ ಹೆದರಿಕೆ.

ಈಗ ಪಡಸಾಲೆಯಲ್ಲಿ ನನ್ನ ದರ್ಬಾರು ನೋಡಬೇಕು ನೀನು. ಬೆಳಗಿನ ಲಿಂಗಪೂಜೆ ಮುಗಿಸಿ ಗಾಜಿನ ತೊಟ್ಟಿಯ ಮುಂದೆ ಕುಳಿತರೆ, ಏಳೂ ಸಾಲುಗಟ್ಟಿ ಈ ತುದಿಯಿಂದ ಆ ತುದಿಗೆ ಓಡುತ್ತವೆ, ಶಾಲೆ ಬಿಟ್ಟ ಮಕ್ಕಳ ಹಾಗೆ. ಉದ್ದ ತೊಟ್ಟಿಯೇ ಬೇಕೆಂದು ನೀನು ಹಠ ಹಿಡಿದದ್ದು ಯಾಕೆಂದು ಈಗ ತಿಳಿಯಿತು. ಮೈಮೇಲಿನ ಪಟ್ಟೆಗಳಿಗೆ ನೀನು ಝೀಬ್ರಾ ಎನ್ನು, ನಾನು ವಿಭೂತಿ ಎನ್ನುತ್ತೇನೆ. ಅಡ್ಡ ಹಚ್ಚುವ ಬದಲು ಉದ್ದ ಹಚ್ಚಿಕೊಂಡಿವೆ, ಅಷ್ಟೇ. ಜಿಗಿಯುತ್ತವೆ ಎಂದಿದ್ದೆಯಲ್ಲ, ಮುಚ್ಚಳದ ಸಂದಿಗೆ ನೀನು ಅಕ್ಷರ ತಿದ್ದಿದ ಹಳೆಯ ಪಾಟಿ ಇಟ್ಟಿದ್ದೇನೆ. ತುರೋರಿ ಊರಿನ ನಮ್ಮ ಭಕ್ತ ವೈಜಿನಾಥ ಬಂದವನು ತನ್ನ ಮೊಮ್ಮಗಳಿಗೆ ಒಂದು ಮೀನು ಕೇಳಿದ. "ಒಂದ ಒಯ್ದರ ಅದು ಮೂಲಿ ಹಿಡಿದು ಕೊರಗತದಪಾ, ಆರಕ್ಕಿಂತ ಕಡಿಮಿ ಇರಬಾರದು" ಎಂದು ಗತ್ತಿನಿಂದ ಹೇಳಿ ಕಳಿಸಿದೆ. "ಅಯ್ನೋರಿಗಿ ಭಾಳ ತಿಳಿತದ ಬಿಡ್ರಿ" ಎಂದು ಅವನು ಕೈಮುಗಿದ. ನನ್ನ ಎದೆ ಎಷ್ಟು ಉಬ್ಬಿತೆಂದು ಹೇಳಲಿ!

ಮೊನ್ನೆ ಶ್ರಾವಣದ ಮೂರನೆಯ ಸೋಮವಾರ ಮಾತ್ರ ಒಂದು ಎಡವಟ್ಟಾಯಿತು. ಆ ದಿನ ನಮ್ಮ ಮನೆಗೆ ಬರುವ ಭಕ್ತರು ಒಬ್ಬರೇ ಇಬ್ಬರೇ! ನಮ್ಮಲ್ಲಿ ಯಾರೂ ಹಸಿದು ಹೋಗುವುದಿಲ್ಲ, ಭಕ್ತರೂ ಬರಿಗೈಯಲ್ಲಿ ಬರುವುದಿಲ್ಲ. ಬಂದವರೆಲ್ಲ ಮೀನಿಗೂ ದಾಸೋಹವಾಗಲೆಂದು ಒಂದೊಂದು ಚಿಟಿಕೆ ಚುರುಮುರಿ ಹಾಕಿದರು. ನಾನೂ ದೊಡ್ಡಸ್ತಿಕೆಯಿಂದ ಹ್ಞೂಂ ಎಂದೆ. ಮಧ್ಯಾಹ್ನದ ಹೊತ್ತಿಗೆ ನೀರು ಅಕ್ಕಿ ತೊಳೆದ ನೀರಾಯಿತು. ಏಳೂ ಓಡುವುದನ್ನು ಬಿಟ್ಟು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಆದರೆ ಹೆದರಬೇಡ. ಚಹಾ ಸೋಸುವ ಜಾಳಿಗೆಯಿಂದ ಚುರುಮುರಿ ಎತ್ತಿ, ಕೊಳೆ ನೀರು ಸ್ವಲ್ಪ ಸ್ವಲ್ಪವೇ ತೆಗೆದು, ಹಿಂದಿನ ದಿನ ಪ್ಲಾಸ್ಟಿಕ್ ಬಕೀಟಿನಲ್ಲಿ ಹಿಡಿದಿಟ್ಟ ನೀರು ತುಂಬಿದೆವು. ಸಂಜೆ ದೀಪ ಹಚ್ಚುವಾಗ ಏಳೂ ಮತ್ತೆ ಸಾಲುಗಟ್ಟಿದವು. ಎಂಬತ್ತರ ಹೊಸ್ತಿಲಲ್ಲಿ ನಿಮ್ಮಜ್ಜ ಇದನ್ನೂ ಕಲಿತ ನೋಡು! ನಮ್ಮ ವಂಶದಲ್ಲಿ ಮಂತ್ರ ಬಲ್ಲವರು ಬಹಳ ಜನ ಆಗಿಹೋದರು, ನೀರು ಬಲ್ಲವಳು ನೀನೊಬ್ಬಳೇ. ನಿನ್ನ ಮೇಲೆ ನನಗೆ ಬಹಳ ಅಭಿಮಾನ, ಬಾಯಿಬಿಟ್ಟೇ ಹೇಳುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಅಜ್ಜಿ ನಿನ್ನ ಕೆನ್ನೆ ಸವರಿದ್ದಾಳೆಂದು ಬರೆಯಲು ಹೇಳಿದಳು. ಬಸವಣ್ಣ ನಿನ್ನನ್ನು ಕಾಯಲಿ.

ನಿನ್ನ ಅಜ್ಜ,
ಹಾಲಯ್ಯ

ತಾ.ಕ.: ಡಬ್ಬಿ ಒಯ್ಯಲು ಕೈಲಾಸ ಈಗಲೇ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮೇಲೆ ನನ್ನ ಹಿರಿಮೆಯನ್ನೇ ಕೊಚ್ಚಿಕೊಂಡೆ, ಒಂದು ಮಾತು ಮುಚ್ಚಿಟ್ಟೆ. ಸೋಮವಾರ ಗಾಬರಿಯಲ್ಲಿ ನಾನು ಪೂಜೆಯ ತಾಮ್ರದ ಕೊಡವನ್ನೇ ಎತ್ತಿ ತೊಟ್ಟಿಗೆ ಸುರಿಯಲು ಹೋಗಿದ್ದೆ. ನಿನ್ನ ಅಪ್ಪ ಓಡಿ ಬಂದು ನನ್ನ ಕೈ ಹಿಡಿದ. "ಅಪ್ಪಾ, ತಾಂಬ್ರದ ಕೊಡದಾಗಿನ ನೀರ ಹಾಕಬ್ಯಾಡ್ರಿ, ಸಾಯ್ತಾವ. ಆಕಿ ಬರದಿಟ್ಟಾಳಲ್ಲ, ಕೊನೀ ಸಾಲಿನ್ಯಾಗ" ಎಂದ. ನೀನು ಗೋಡೆಗೆ ಅಂಟಿಸಿ ಹೋದ ಹಾಳೆಯನ್ನು ನಾನೇ ಕೊನೆಯವರೆಗೆ ಓದಿರಲಿಲ್ಲ ಅವ್ವಾ, ಅವನಿಗೆ ಬಾಯಿಪಾಠವಾಗಿತ್ತು. ಜಾಳಿಗೆ ಹಿಡಿದವನೂ ಅವನೇ. ಆ ಬಕೀಟು ಅಜ್ಜಿ ತುಂಬಿಡುತ್ತಾಳೆಂದು ನಾನು ತಿಳಿದಿದ್ದೆ. ನೀನು ಹೋದಂದಿನಿಂದ ಪ್ರತಿ ಆದಿತ್ಯವಾರ ತುಂಬಿಡುತ್ತಿದ್ದವನು ಅವನಂತೆ. "ಆಕಿಗಿ ಹೇಳಬ್ಯಾಡ್ರಿ" ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. ಈ ಆದಿತ್ಯವಾರ ಮಠದಲ್ಲಿ ಕೆಲಸವಿದೆ ಎಂದು ಉದಗೀರಕ್ಕೆ ಬರುತ್ತಾನೆ. ಮಠದಲ್ಲಿ ಯಾವ ಕೆಲಸವೂ ಇಲ್ಲ, ನಾನು ವಿಚಾರಿಸಿದ್ದೇನೆ. ಯಾಕೆ ಬಂದಿರೆಂದು ಕೇಳಬೇಡ. ಏಳೂ ಹೇಗಿವೆ ಎಂದು ಕೇಳು.