ಧ್ವನಿಯಲ್ಲಿ ವ್ಯತ್ಯಯ

ಆಸ್ಪತ್ರೆಯ ಮಾನ್ಯ ಆಡಳಿತಾಧಿಕಾರಿಗಳೇ,

ನನ್ನ ಹೆಂಡತಿಯ ದನಿ ಹೋಗಿದೆ. ಹೋಗಬಹುದೆಂದು ನೀವು ಮೊದಲೇ ತಿಳಿಸಿದ್ದಿರಂತೆ, ನಾವು ಒಪ್ಪಿದ್ದೆವಂತೆ. ದಾಖಲೆ ನಿಮ್ಮ ಕಂಪ್ಯೂಟರಿನಲ್ಲಿ ಭದ್ರವಾಗಿದೆ, ಇಲ್ಲವೆನ್ನುವುದಿಲ್ಲ. ಅದು ಅಲ್ಲಿಗೆ ಹೇಗೆ ಬಂತೆಂದು ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ. ಓದದೆಯೇ ಗುಂಡಿ ಒತ್ತಿ ಮುಗಿಸುವ ಸೌಲಭ್ಯ ಈ ಪತ್ರದಲ್ಲಿಲ್ಲ.

ಅವಳು ಹತ್ತೊಂಬತ್ತು ವರ್ಷಗಳಿಂದ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಹೇಳುವವಳು. ನಾನು ಹಿಂದಿನ ಬೀದಿಯಲ್ಲಿ ರೇಡಿಯೊ, ಸ್ಪೀಕರ್ ರಿಪೇರಿ ಮಾಡುವವನು. ಅವಳ ಕತ್ತಿನಲ್ಲಿ ಥೈರಾಯ್ಡ್ ಗಂಟು ಬೆಳೆದು ಆಪರೇಷನ್ ಎಂದಾದಾಗ, ನಿಮ್ಮಲ್ಲಿಂದ ಫೋನಿಗೆ ಒಂದು ಲಿಂಕ್ ಬಂತು. ಎಂಟು ನಿಮಿಷದ ವಿಡಿಯೊ. ಸುಳ್ಳು ಹೇಳಬಾರದು, ಚೆನ್ನಾಗಿತ್ತು. ಎಲ್ಲಿ ಕೊಯ್ಯುತ್ತಾರೆ, ಹೊಲಿಗೆ ಎಷ್ಟು ದಿನ, ಊಟ ಯಾವಾಗ, ಎಲ್ಲವೂ ಚಿತ್ರದಲ್ಲಿತ್ತು. ಡಾಕ್ಟರ ಮುಂದೆ ಬಾಯಿ ಬಿಡಲು ಹೆದರುವ ನಮ್ಮಂಥವರಿಗೆ ಮನೆಯಲ್ಲಿ ಕೂತು ಎರಡೆರಡು ಸಲ ನೋಡುವುದು ದೊಡ್ಡ ಉಪಕಾರವೇ.

ಆರನೇ ನಿಮಿಷದಲ್ಲಿ ಬರೀ ಸಂಗೀತ ಕೇಳುತ್ತಿದ್ದಾಗ ಪರದೆಯ ಕೆಳಗೆ ಒಂದು ಸಾಲು ಹಾದುಹೋಯಿತು: "ಧ್ವನಿಯಲ್ಲಿ ವ್ಯತ್ಯಯ ಉಂಟಾಗುವ ಸಂಭವವಿದೆ."

"ಇದೇನ್ರೀ, ಧ್ವನಿ ಅಂತಿದೆ?" ಅಂದಳು.

"ಏ, ಅದು ವಿಡಿಯೊ ಸೌಂಡಿನ ವಿಷಯ ಕಣೇ. ನೆಟ್‌ವರ್ಕ್ ಸರಿ ಇಲ್ದಿದ್ರೆ ಹಾಗಾಗುತ್ತೆ," ಅಂದೆ, ಎಲ್ಲ ಬಲ್ಲವನ ಹಾಗೆ.

ಮೂವತ್ತು ವರ್ಷ ಸ್ಪೀಕರ್ ಬಿಚ್ಚಿದವನಿಗೆ ಬೇರೇನು ಹೊಳೆಯಬೇಕು? ವಾಲ್ಯೂಮ್ ಏರಿಸಿಕೊಟ್ಟೆ. ಕೊನೆಯಲ್ಲಿ "ನೋಡಿದ್ದೇನೆ, ಅರ್ಥವಾಗಿದೆ" ಎಂಬ ಹಸಿರು ಗುಂಡಿ ಬಂತು. ಅವಳ ಕೈಗೆ ಹಿಟ್ಟು ಮೆತ್ತಿತ್ತು, ನಾನೇ ಒತ್ತಿದೆ.

ಈಗ ಅವಳ ಗಂಟಲಿಂದ ಪಿಸುಮಾತಷ್ಟೇ ಹೊರಡುತ್ತದೆ. ಮೈಕಿನ ಮುಂದೆ ಬೇರೊಬ್ಬರು ಕೂತಿದ್ದಾರೆ. ವಿಚಾರಿಸಲು ಬಂದರೆ ನಿಮ್ಮ ಕೌಂಟರಿನವರು ಕಂಪ್ಯೂಟರ್ ತಿರುಗಿಸಿ, "ನೋಡಿ ಸಾರ್, ಅರ್ಥ ಆಗಿದೆ ಅಂತ ನೀವೇ ಒತ್ತಿದೀರಲ್ಲ," ಎಂದು ಕೈ ತೊಳೆದುಕೊಂಡರು. ಒತ್ತಿದ್ದೇನೆ. ತಪ್ಪು ನನ್ನದೂ ಹೌದು, ಆ ಸಂಕಟ ನನ್ನನ್ನು ಕೊರೆಯುತ್ತಿದೆ. ಆದರೆ ಅರ್ಥವಾಗಿಲ್ಲವೆಂಬುದೇ ಅರ್ಥವಾಗದವನು ಯಾವ ಗುಂಡಿ ಒತ್ತಬೇಕು, ಸ್ವಾಮಿ? "ದನಿ ಹೋಗಬಹುದು" ಎನ್ನಲು ಎರಡು ಪದ ಸಾಕಿತ್ತು. ವ್ಯತ್ಯಯವಂತೆ! ಕರೆಂಟು ಹೋದರೂ ವ್ಯತ್ಯಯ, ನೀರು ನಿಂತರೂ ವ್ಯತ್ಯಯ. ಅವೆಲ್ಲ ಸಂಜೆಯೊಳಗೆ ಸರಿಹೋಗುತ್ತವೆ. "ನೀವೇನು ಕೆಲಸ ಮಾಡ್ತೀರಮ್ಮ?" ಎಂದು ನಿಮ್ಮವರೊಬ್ಬರು ಅವಳನ್ನು ಕೇಳಿದ್ದರೂ ವಿಷಯ ಹೊರಬೀಳುತ್ತಿತ್ತು. ವಿಡಿಯೊ ಹೇಗೆ ಕೇಳೀತು?

ಗಂಟಿನ ಪರೀಕ್ಷೆಯ ವರದಿ ಬಂದು, ಅರ್ಧ ತೆಗೆದಿದ್ದ ಥೈರಾಯ್ಡ್ ಗ್ರಂಥಿಯ ಉಳಿದರ್ಧವನ್ನೂ ತೆಗೆಯಬೇಕೆಂದಿದ್ದಾರೆ. ಬುಧವಾರ ಆಪರೇಷನ್. ಅದೇ ಲಿಂಕ್ ಮತ್ತೆ ಬಂದಿದೆ.

ವಿಡಿಯೊ ನಿಲ್ಲಿಸಬೇಡಿ. ಆ ಸಾಲನ್ನು ಜನರಾಡುವ ಮಾತಿನಲ್ಲಿ ಬರೆಸಿ, ಬಾಯಿಬಿಟ್ಟು ಹೇಳಿಸಿ. ಆಮೇಲೆ ಒಬ್ಬ ಮನುಷ್ಯ ಎದುರು ಕೂತು, "ನಿಮಗೇನು ಅರ್ಥ ಆಯ್ತು, ನಿಮ್ಮ ಮಾತಲ್ಲೇ ಹೇಳಿ," ಎಂದು ಕೇಳಲಿ. ಬುಧವಾರಕ್ಕೆ ಮುಂಚೆ ನಮ್ಮನ್ನೂ ಕೇಳಲಿ. ನಿನ್ನೆ ಅವಳು ನನ್ನ ಕಿವಿಯ ಹತ್ತಿರ ಬಂದು, "ಆ ಕಡೇದೂ ತೆಗೆದ್ರೆ ಇಷ್ಟು ದನೀನೂ ಇರಲ್ವೇನ್ರೀ?" ಎಂದಳು. ಈ ಸಲ ನಾನು ಉತ್ತರ ಕೊಡಲಿಲ್ಲ. ನೀವು ಕೊಡಿ.

ಇಂತಿ,
ಗೊತ್ತಿಲ್ಲದ್ದನ್ನು ಹೆಂಡತಿಗೆ ತಿಳಿಸಿಕೊಟ್ಟ ಒಬ್ಬ ರಿಪೇರಿಯವನು